ನೀಲಿ ಉರಿಯ ರತ್ನಕ್ಕ

ಬೆಳಗಿನ ಐದೂವರೆ. ನವಿ ಮುಂಬೈಯ ಕೋಪರಖೈರಣೆಯ ಈ ಓಣಿಯಲ್ಲಿ ಹಾಲಿನವನಿಗಿಂತ ಮೊದಲು ಕೇಳುವುದು ತಂತಿಬ್ರಶ್ಶಿನ ಸದ್ದು. ಕರಕರ, ಕರಕರ. ಮನೆಯ ಮೆಟ್ಟಿಲ ಮೇಲೆ ಗೋಣಿಚೀಲ ಹಾಸಿ, ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು ರತ್ನಾವತಿ ಕೂತಿದ್ದಾರೆ. ಅವರ ಮುಂದೆ ಒಂದು ಗ್ಯಾಸ್ ಗ್ರಿಲ್ ಬಿದ್ದಿದೆ. ಬಿದ್ದಿದೆ ಎಂದೇ ಹೇಳಬೇಕು, ನಿಲ್ಲುವ ತ್ರಾಣ ಅದಕ್ಕಿಲ್ಲ. ನಾಲ್ಕರಲ್ಲಿ ಒಂದು ಕಾಲು ಇಲ್ಲ. ತಳದ ತಗಡು ತುಕ್ಕು ಹಿಡಿದು ಹಪ್ಪಳದಂತೆ ಮುರಿಯುತ್ತದೆ. ಮುಚ್ಚಳ ಎತ್ತಿದರೆ ಒಳಗೆ ಜಿರಳೆಗಳ ತುಂಬು ಸಂಸಾರ. ನಾನಾಗಿದ್ದರೆ ಗುಜರಿಯವನನ್ನು ಕರೆದು, ಪುಕ್ಕಟೆ ಒಯ್ದರೆ ಸಾಕು ಎಂದು ಕೈಮುಗಿಯುತ್ತಿದ್ದೆ.

ರತ್ನಾವತಿ ಅದರ ಹೊಟ್ಟೆಯಿಂದ ಬರ್ನರಿನ ಉದ್ದನೆಯ ಕೊಳವೆಯನ್ನು ಎಳೆದು, ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿಯುತ್ತಾರೆ. "ಇದಕ್ಕೆ ಎಂತ ಆಗ್ಲಿಲ್ಲ ಸರ್. ಬೀಡುಕಬ್ಬಿಣ ಗಟ್ಟಿ ಉಂಟು. ಮೇಲಿಂದ ತುಕ್ಕು, ಅಷ್ಟೆ. ಮೋರೆ ನೋಡಿ ಮನುಷ್ಯರನ್ನು ಬಿಸಾಡ್ಲಿಕ್ಕೆ ಆಗ್ತದಾ?"

ಇದು ಹರಿಶ್ಚಂದ್ರ ಎಂಬ ಅಡುಗೆಯವರ ಗ್ರಿಲ್. ಅವರಿಗೆ ಐವತ್ತೈದು. ಠಾಣೆಯ ಒಂದು ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ಇದರ ಮುಂದೆಯೇ ನಿಂತು ಮೀನು ಸುಟ್ಟವರು. ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು, ಹೋಟೆಲ್ ಮುಚ್ಚಿತು. ಕೊನೆಯ ದಿನ ಧಣಿಗಳು "ಬೇಕಾದ್ದು ತಕ್ಕೊಂಡು ಹೋಗಿ" ಎಂದಾಗ ಉಳಿದವರ ಕಣ್ಣು ಫ್ರಿಜ್ಜಿನ ಮೇಲೆ, ಇವರದು ಗ್ರಿಲ್ಲಿನ ಮೇಲೆ. ಆಮೇಲೆ ಅದು ಎರಡು ಮಳೆಗಾಲ ಯಾರದೋ ಟೆರೇಸಿನಲ್ಲಿ ನೆನೆಯಿತು. ಈಗ ಸೀವುಡ್ಸಿನ ಒಂದು ಗಲ್ಲಿಯಲ್ಲಿ ಪುಟ್ಟ ಅಂಗಡಿ ಹಿಡಿದಿದ್ದಾರೆ. ಭಾನುವಾರ ಸಂಜೆ ಐದಕ್ಕೆ ಪೂಜೆ. ಅಂಗಡಿಗೇ ಕೈ ಖಾಲಿಯಾಗಿದೆ, ಹೊಸ ಗ್ರಿಲ್ ತರುವ ಮಾತೇ ಇಲ್ಲ. ಈ ಹಳೆಯದು ಉರಿದರೆ ಹರಿಶ್ಚಂದ್ರರಿಗೆ ಸ್ವಂತ ಅಂಗಡಿ. ಉರಿಯದಿದ್ದರೆ? "ಈ ಪ್ರಾಯಕ್ಕೆ ನನ್ನನ್ನು ಯಾರು ಕೆಲಸಕ್ಕೆ ಇಟ್ಕೊಳ್ತಾರೆ ಮಾರಾಯ್ರೆ?" ಎಂದು ಅವರು ನನ್ನನ್ನೇ ಕೇಳುತ್ತಾರೆ.

ದಿನಕ್ಕೆ ಐದಾರು ಒಲೆ ರತ್ನಾವತಿಯ ಕೈಗೆ ಬರುತ್ತವೆ. ಮನೆಯ ಎರಡು ಬರ್ನರಿನ ಒಲೆಗೆ ಅರ್ಧ ಗಂಟೆ ಸಾಕು, ಇಂಥ ಗ್ರಿಲ್ಲಿಗೆ ಐದು ದಿನ ಬೇಕು. ಖರ್ಚು ಕಡಿಮೆ ಮಾಡುವ ಉಪಾಯಗಳೆಲ್ಲ ಅಡುಗೆಮನೆಯವೇ. ಮೀನು ಇಡುವ ಜಾಲರಿಯನ್ನು ಹುಣಸೆಹುಳಿಯ ನೀರಿನಲ್ಲಿ ನೆನೆಹಾಕಿ, ತೆಂಗಿನ ನಾರಿನಿಂದ ಉಜ್ಜಿ, ಕೂಡಲೇ ಬೆಂಕಿಯ ಮೇಲೆ ಒಣಗಿಸುತ್ತಾರೆ. ನಂತರ ದೋಸೆಕಾವಲಿಯನ್ನು ಪಳಗಿಸುವ ಹಾಗೆ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ತಿಕ್ಕುತ್ತಾರೆ. ಕಾಲಿಗೆ ಮುರಿದ ಮಂಚದ ಪೈಪು. ತಳಕ್ಕೆ ಗುಜರಿಯಿಂದ ತಂದ ಕಪ್ಪು ತಗಡು. ಹೊಳೆಯುವ ತಗಡು ಇನ್ನೂ ಅಗ್ಗ, ಆದರೆ ಅದರ ಸತುವಿನ ಲೇಪ ಕಾದರೆ ಹೊಗೆ ಕೆಟ್ಟದ್ದು ಎಂದು ಇವರು ಮುಟ್ಟುವುದಿಲ್ಲ. ಗ್ಯಾಸಿನ ರಬ್ಬರ್ ಪೈಪು, ರೆಗ್ಯುಲೇಟರ್ ಮಾತ್ರ ಹೊಸದೇ ಆಗಬೇಕು. "ಅದರಲ್ಲಿ ಉಳಿತಾಯ ಮಾಡುವವರು ಬೇರೆ ಕಡೆ ಹೋಗ್ಬಹುದು. ನನ್ನತ್ರ ಆಗುದಿಲ್ಲ." ಈ ಮಾತು ಹೇಳುವಾಗ ರತ್ನಕ್ಕನ ದನಿ ಸ್ವಲ್ಪ ಹೆಡ್‌ಮೇಷ್ಟ್ರದು.

ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗಂಡ ಮುಂಡಪ್ಪ ಕೂತಿರುತ್ತಾರೆ. ಈ ಕಸುಬು ಅವರದು. ಕಾರ್ಕಳದ ಕಡೆಯಿಂದ ಹದಿನಾರಕ್ಕೇ ಮುಂಬೈಗೆ ಬಂದು, ಹೋಟೆಲಿನಲ್ಲಿ ಪಾತ್ರೆ ತೊಳೆದು, ಒಲೆ ರಿಪೇರಿ ಕಲಿತವರು. ಹನ್ನೊಂದು ವರ್ಷದ ಹಿಂದೆ ಒಂದು ಕಡೆ ಗ್ಯಾಸ್ ಸೋರುತ್ತಿದೆಯೇ ಎಂದು ನೋಡಲು ಬೆಂಕಿಕಡ್ಡಿ ಗೀರಿದರು. ಅವಸರದ ಕೆಲಸವಾಗಿತ್ತು, ಹೋಟೆಲಿನವರು ತಲೆಯ ಮೇಲೆ ನಿಂತಿದ್ದರು. ಸುಟ್ಟ ಬಲಗೈಯ ಬೆರಳುಗಳು ಅಂದಿನಿಂದ ಮಡಚುವುದಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ರತ್ನಾವತಿ ಚೀಲ ಹೆಗಲಿಗೆ ಹಾಕಿಕೊಂಡರು. ಮುಂಡಪ್ಪ ಬಾಯಲ್ಲಿ ಹೇಳುವುದು, ಇವರು ಕೈಯಲ್ಲಿ ಮಾಡುವುದು. ಹೆಂಗಸು ಒಲೆ ರಿಪೇರಿಗೆ ಬಂದದ್ದು ನೋಡಿ ಬಾಗಿಲು ಹಾಕಿಕೊಂಡ ಮನೆಗಳೂ ಉಂಟು, "ಗಂಡಸರು ಯಾರೂ ಇಲ್ವಾ?" ಎಂದ ಹೋಟೆಲುಗಳೂ ಉಂಟು.

ಇಂದಿಗೂ ಪ್ರತಿ ತಿರುಪು ಬಿಗಿದ ಮೇಲೆ ಅವರು ಗಂಡನ ಕಡೆ ತಿರುಗಿ, ಸರಿಯಾಯಿತೇ ಎಂದು ತುಳುವಿನಲ್ಲಿ ಕೇಳುತ್ತಾರೆ. ಮುಂಡಪ್ಪ ಕುರ್ಚಿಯಿಂದ ಬಾಗಿ ನೋಡಿ ತಲೆಯಾಡಿಸುತ್ತಾರೆ. ಮುಂಡಪ್ಪ ಚಹಾ ತರಲು ಹೋದಾಗ, ಈಗಲೂ ಕೇಳಬೇಕಾಗುತ್ತದೆಯೇ ಎಂದೆ. ರತ್ನಾವತಿ ನಗುತ್ತಾರೆ. "ಕೇಳದಿದ್ರೂ ಆಗ್ತದೆ. ಆದ್ರೆ ಅವರಿಗೆ ದಿನ ಹೋಗ್ಬೇಕಲ್ಲ." ಮರುದಿನ ಸ್ಟೇಶನ್‌ವರೆಗೆ ನನ್ನನ್ನು ಬಿಡಲು ಬಂದ ಮುಂಡಪ್ಪ ತಾವಾಗಿಯೇ ಹೇಳಿದರು: "ಅವಳಿಗೆ ನನಗಿಂತ ಜಾಸ್ತಿ ಗೊತ್ತುಂಟು. ಕೇಳುದು ಸುಮ್ಮನೆ. ನಾನೂ ಗೊತ್ತಾಗದ ಹಾಗೆ ಇರ್ತೇನೆ." ಇಬ್ಬರೂ ಇದನ್ನು ಪೇಪರಿನಲ್ಲಿ ಓದುತ್ತಾರೆ ಎಂದು ತಿಳಿದೇ ಗುಟ್ಟು ರಟ್ಟು ಮಾಡುತ್ತಿದ್ದೇನೆ, ಬೈದರೆ ಬೈಯಲಿ.

ಶನಿವಾರ ಗ್ರಿಲ್ ನಾಲ್ಕು ಕಾಲ ಮೇಲೆ ನಿಂತಿತು. ಸಂದುಗಳಿಗೆಲ್ಲ ಸೋಪಿನ ನೊರೆ ಬಳಿದು, ಎಲ್ಲಿಯೂ ಗುಳ್ಳೆ ಏಳುವುದಿಲ್ಲ, ಗ್ಯಾಸ್ ಸೋರುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ಹೊತ್ತಿಸಿದ್ದು. ಈ ತುದಿಯಿಂದ ಆ ತುದಿಗೆ ನೀಲಿ ಉರಿ. ಟೆಂಪೋಗೆ ಏರಿಸುವಾಗ ರತ್ನಾವತಿ ಎರಡೆರಡು ಸಲ ಹೇಳಿದರು: "ಹರಿಯಣ್ಣ, ಪೂಜೆಗೆ ಬೊಟ್ಟು ಮುಚ್ಚಳಕ್ಕೆ ಮಾತ್ರ ಇಡಿ. ಒಳಗೆ ಬೇಡ." ಆಯುಧಪೂಜೆ ಮುಗಿದ ವಾರವಿಡೀ ಇವರಿಗೆ ಪುರುಸೊತ್ತಿಲ್ಲ. ನಮ್ಮ ಹೋಟೆಲಿನವರ ಭಕ್ತಿ ದೊಡ್ಡದು, ಬರ್ನರಿನ ತೂತು ಸಣ್ಣದು.

ಭಾನುವಾರ ಸೀವುಡ್ಸಿನಲ್ಲಿ ಮೂವತ್ತು ಮಂದಿ ಸೇರಿದ್ದಾರೆ. ಹರಿಶ್ಚಂದ್ರ ಹೊಸ ಪಂಚೆಯಲ್ಲಿ ಪೂಜೆ ಮುಗಿಸಿ, ಕಾಯಿ ಒಡೆದು, ಗ್ರಿಲ್ ಹೊತ್ತಿಸುತ್ತಾರೆ. ಅರ್ಧ ಭಾಗ ಹಳದಿ ಉರಿ, ಅರ್ಧ ಉರಿಯೇ ಇಲ್ಲ. ಒಳಗಿನಿಂದ ಡುಬ್ ಎಂಬ ಸದ್ದು. ಅವರು ಸಿಲಿಂಡರ್ ಬಂದ್ ಮಾಡಿ ರತ್ನಕ್ಕನಿಗೆ ಫೋನ್ ಮಾಡುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಗಂಡ ಹೆಂಡತಿ ರಿಕ್ಷಾದಿಂದ ಇಳಿಯುತ್ತಾರೆ.

ರತ್ನಾವತಿ ಜಾಲರಿ ಎತ್ತುತ್ತಾರೆ. ಬರ್ನರಿನ ಉದ್ದಕ್ಕೂ ಸಾಲಾಗಿ ಅರಸಿನ, ಕುಂಕುಮ. ಅದರ ಮೇಲೆ ಹರಿದ ಕಾಯಿನೀರು.

"ಹರಿಯಣ್ಣ, ನಾನು ಬೊಟ್ಟು ಎಲ್ಲಿ ಇಡ್ಲಿಕ್ಕೆ ಹೇಳಿದ್ದು?"

"ಮುಚ್ಚಳಕ್ಕೆ ರತ್ನಕ್ಕ. ಆದ್ರೆ ಅನ್ನ ಕೊಡುದು ಬರ್ನರ್ ಅಲ್ವಾ? ಅದನ್ನು ಬಿಟ್ಟು ಮುಚ್ಚಳಕ್ಕೆ ಇಟ್ರೆ ದೇವರು ಎಂತ ಗ್ರಹಿಸುದು?"

ನಗು ಬರುತ್ತದೆ, ನಗುವ ಹಾಗಿಲ್ಲ. ತೊಂಬತ್ತಾರು ತೂತುಗಳು. ರತ್ನಾವತಿ ಸಣ್ಣ ತಂತಿಯಿಂದ ಒಂದೊಂದನ್ನೇ ಬಿಡಿಸುತ್ತಾರೆ. ತೂತು ದೊಡ್ಡದಾದರೆ ಉರಿ ಕೆಡುತ್ತದೆ, ಅವಸರ ಮಾಡುವಂತಿಲ್ಲ. ಕೊಳವೆಯ ನೀರು ಇಳಿಸಿ, ಪಕ್ಕದ ಚಹಾದಂಗಡಿಯ ಒಲೆಯ ಮೇಲೆ ಒಣಗಿಸಿ, ಮತ್ತೆ ಜೋಡಿಸುವಾಗ ಆರೂಮುಕ್ಕಾಲು. ಬಂದವರು ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಿದ್ದಾರೆ. ಉಳಿದವರು ಹತ್ತು ಹನ್ನೆರಡು ಮಂದಿ. ರತ್ನಾವತಿ ಸೋಪಿನ ನೀರು ಕದಡುತ್ತಾರೆ.

"ಪುನಃ ಅದೆಲ್ಲ ಯಾಕೆ ಅಕ್ಕ? ನಿನ್ನೆ ನೋಡಿದ್ದಲ್ವಾ? ಪ್ಲೀಸ್, ಹೊತ್ತಿಸಿ ಬಿಡಿ. ಜನ ಹೋಗ್ತಾ ಇದ್ದಾರೆ." ಹರಿಶ್ಚಂದ್ರರ ಕಣ್ಣಲ್ಲಿ ನೀರು.

"ನಿನ್ನೆದು ನಿನ್ನೆಗೆ. ಇವತ್ತು ಬಿಚ್ಚಿದ್ದೇನೆ, ಇವತ್ತು ನೋಡ್ಬೇಕು." ಅವರು ತಲೆ ಎತ್ತುವುದಿಲ್ಲ. "ಹೋದ ಜನ ನಾಳೆ ಬರ್ತಾರೆ ಹರಿಯಣ್ಣ. ಹೋದ ಕೈ ಬರುದಿಲ್ಲ."

ಪಕ್ಕದಲ್ಲೇ ನಿಂತಿದ್ದ ಮುಂಡಪ್ಪ ಎಡಗೈಯನ್ನು ಹರಿಶ್ಚಂದ್ರರ ಹೆಗಲ ಮೇಲಿಡುತ್ತಾರೆ. ಒಂದು ಸಂದಿನಲ್ಲಿ ಪುಟ್ಟ ಗುಳ್ಳೆಯೊಂದು ಏಳುತ್ತದೆ, ಒಡೆಯುತ್ತದೆ, ಮತ್ತೆ ಏಳುತ್ತದೆ. ರತ್ನಾವತಿ ಗ್ಯಾಸ್ ಬಂದ್ ಮಾಡಿ, ಸಂದು ಬಿಚ್ಚಿ, ಮತ್ತೆ ಬಿಗಿದು, ಹೊಸ ನೊರೆ ಬಳಿಯುತ್ತಾರೆ. ಈ ಸಲ ನೊರೆ ಅಲ್ಲಾಡುವುದಿಲ್ಲ. ಹರಿಶ್ಚಂದ್ರರು ಆ ಗುಳ್ಳೆ ಇದ್ದ ಜಾಗವನ್ನೇ ನೋಡುತ್ತಾ ನಿಂತಿದ್ದಾರೆ, ಮುಖ ಬಿಳಿಚಿಕೊಂಡಿದೆ.

ಏಳೂಕಾಲಿಗೆ ಗ್ರಿಲ್ ಹೊತ್ತಿತು. ತೊಂಬತ್ತಾರು ತೂತಿನಲ್ಲೂ ನೀಲಿ. ಮಸಾಲೆ ಮೆತ್ತಿದ ಬಂಗುಡೆ ಜಾಲರಿಗೆ ತಾಗಿದ ಸದ್ದಿಗೆ, ಪರಿಮಳಕ್ಕೆ, ಸ್ಟೇಶನ್ನಿನಿಂದ ಬರುತ್ತಿದ್ದವರು ಒಬ್ಬೊಬ್ಬರಾಗಿ ನಿಂತರು. ಎಂಟೂವರೆಗೆ ಮೀನು ಖಾಲಿ. ಬಾಯಿ ಚಪ್ಪರಿಸಿದವರೆಲ್ಲ ಹರಿಶ್ಚಂದ್ರರ ಕೈಗುಣ ಹೊಗಳಿದರು. ಮೂಲೆಯ ಸ್ಟೂಲಿನಲ್ಲಿ ಕೂತು ಕೈಗಂಟಿದ ಕುಂಕುಮ ಒರೆಸಿಕೊಳ್ಳುತ್ತಿದ್ದ ಹೆಂಗಸು ಯಾರೆಂದು ಒಬ್ಬರೂ ಕೇಳಲಿಲ್ಲ.

ನನಗೇ ತಡೆಯಲಾಗಲಿಲ್ಲ. "ರತ್ನಕ್ಕ, ಬರುವ ಭಾನುವಾರ ನಿಮ್ಮ ಹೆಸರು ಪೇಪರಿನಲ್ಲಿ ಬರುತ್ತದೆ ನೋಡಿ," ಎಂದೆ.

ಅವರಿಗೆ ಗಾಬರಿಯೇ ಆಯಿತು. "ಅಯ್ಯೋ, ಬೇಕಾ ಸರ್? ನಮ್ಮ ಕೆಲಸದವರ ಹೆಸರು ಪೇಪರಲ್ಲಿ ಬರುದು ಎಲ್ಲಿಯಾದ್ರೂ ಬೆಂಕಿ ಹತ್ತಿಕೊಂಡ್ರೆ ಮಾತ್ರ. ಹನ್ನೊಂದು ವರ್ಷದಲ್ಲಿ ನನ್ನದು ಒಮ್ಮೆಯೂ ಬರ್ಲಿಲ್ಲ." ತುಸು ನಾಚಿಕೆಯಿಂದ, ಆದರೆ ನೆಟ್ಟಗೆ ನನ್ನನ್ನು ನೋಡಿ ಹೇಳಿದರು: "ಬಾರದ ಹಾಗೆ ನೋಡಿಕೊಂಡದ್ದು ನಾನೇ."