ಗಿರಿಜಮ್ಮನವರ ಅಂಗಳದ ಹಗ್ಗ

ಶಿಕಾರಿಪುರದ ಪೇಟೆ ಬೀದಿಯಲ್ಲಿ ಮುಟ್ಟಿನ ಬಟ್ಟೆಗಳು ದಾರಿಹೋಕರಿಗೆ ಕಾಣುವಂತೆ ಒಣಗುತ್ತಿದ್ದುದು ಒಂದೇ ಮನೆಯ ಅಂಗಳದಲ್ಲಿ. ಉಳಿದವರು ಅವನ್ನು ಕೊಟ್ಟಿಗೆಯ ಕತ್ತಲಲ್ಲೋ ಹಳೆಯ ಸೀರೆಯ ಮರೆಯಲ್ಲೋ ಹರವುತ್ತಿದ್ದ ಆ ಕಾಲದಲ್ಲಿ, ಜವಳಿ ಅಂಗಡಿಯ ಗಿರಿಜಮ್ಮನವರು ಮನೆಯ ಹೆಣ್ಣುಮಕ್ಕಳ ಬಟ್ಟೆಗಳನ್ನು ಬೆಳಗಿನ ಬಿಸಿಲಿಗೆ ಹಗ್ಗದ ಮೇಲೆ ಸಾಲಾಗಿ ತೂಗುಹಾಕಿ, ಪಕ್ಕದಲ್ಲೇ ನಿಂತು ಹೋಗಿಬರುವವರ ಕ್ಷೇಮ ವಿಚಾರಿಸುತ್ತಿದ್ದರು.

"ಏನ್ರೀ ಗಿರಿಜಮ್ಮ, ಹಾದಿಗೇ ತೋರಣ ಕಟ್ಟೀರಲ್ಲ?" ಎಂದು ಎದುರುಮನೆಯ ಯಜಮಾನರು ಒಮ್ಮೆ ಕುಟುಕಿದರು.

"ತೋರಣಾನೇ ಬಿಡ್ರಿ ಅಣ್ಣಾರೆ. ಇದಿಲ್ದಿದ್ರ ನಿಮ್ಮನ್ಯಾಗ ತೊಟ್ಲು ಎಲ್ಲಿ ತೂಗತಿತ್ತು? ಲಿಂಗ ಕಟ್ಟಿದೋರಿಗೆ ಇದರ ಸೂತಕಿಲ್ಲ ಅಂತ ಮಠದಾಗ ನೀವೂ ಕೇಳೀರಿ."

ಯಜಮಾನರು ಹೆಗಲ ವಲ್ಲಿ ಸರಿಪಡಿಸಿಕೊಂಡು ಒಳಗೆ ನಡೆದರು.

ಐವತ್ತರ ದಶಕ ಮುಗಿಯುತ್ತಿದ್ದ ದಿನಗಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಬೆಳ್ಳಿ ಲೋಟಗಳೊಂದಿಗೆ, ಅದೇ ಬೀದಿಯವಳಾದ ನಾನು ಆಗತಾನೆ ಊರಿಗೆ ಮರಳಿದ್ದೆ. ಸ್ತ್ರೀಸ್ವಾತಂತ್ರ್ಯವನ್ನು ಕುರಿತು ನಿರರ್ಗಳವಾಗಿ ವಾದಿಸಬಲ್ಲ ನಾನು, 'ಮುಟ್ಟು' ಎಂಬ ಒಂದು ಪದವನ್ನು ಗಂಡಸರ ಎದುರು ಉಚ್ಚರಿಸಬಹುದೆಂದು ತಿಳಿದದ್ದು ಗಿರಿಜಮ್ಮನವರಿಂದ.

ಗದ್ದೆ ಕೆಲಸದ ಹೆಂಗಸರು ಗೋಣಿಚೂರು, ಮಾಸಿದ ಚಿಂದಿಗಳನ್ನೇ ಬಳಸಿ ಹುಣ್ಣಾಗಿ ನರಳುವುದನ್ನು ಗಿರಿಜಮ್ಮನವರು ಕಂಡಿದ್ದರು. ಮಲ್ಲು ಎಂಬ ಮೆತ್ತನೆಯ ತೆಳು ಹತ್ತಿಬಟ್ಟೆಯನ್ನು ಪದರವಾಗಿ ಮಡಿಸಿ, ಲಾಡಿ ಹೊಲಿದು, ಲಾಭವಿಲ್ಲದೆ ಅಸಲು ಬೆಲೆಗೇ ಮಾರತೊಡಗಿದರು. ಸೊರಬದ ಸಂತೆಗೆ ಗಂಟು ಹೊತ್ತೊಯ್ದಾಗ ಉಳವಿ, ಕುಪ್ಪಗಡ್ಡೆಯ ಹೆಂಗಸರು ಸೆರಗಿನಲ್ಲಿ ಅಡಗಿಸಿಕೊಂಡು ಒಯ್ಯುತ್ತಿದ್ದರು. ಅಷ್ಟರಲ್ಲಿ ಮಾರಾಟ ತೆರಿಗೆಯವರು ಅಂಗಡಿಗೆ ಬಂದು, ಹೊಲಿಯದ ಥಾನಿನ ಬಟ್ಟೆಗೆ ತೆರಿಗೆಯಿಲ್ಲ, ಹೊಲಿದ ಮಾಲಿಗೆ ಉಂಟು ಎಂದರು. ಬೆಲೆ ಏರಿತು. ಮುಂದಿನ ಸಂತೆಯಲ್ಲಿ ಹೆಂಗಸರು ಬಟ್ಟೆಯನ್ನು ಮುಟ್ಟಿ ನೋಡಿ, ಮತ್ತೆ ಗಂಟಿನಲ್ಲಿಟ್ಟು ಹೊರಟುಹೋದರು.

ತೆರಿಗೆ ತೆಗೆಯಬೇಕೆಂದು ಅರ್ಜಿ ಬರೆಯಲು ಗಿರಿಜಮ್ಮನವರು ನನ್ನನ್ನು ಕೂರಿಸಿದರು. 'ಗಾಯದ ಪಟ್ಟಿ' ಎಂದು ಬರೆದರೆ ಯಾರಿಗೂ ಮುಜುಗರವಾಗದೆಂದು ನಾನು ಸೂಚಿಸಿದೆ.

"ಗಾಯ ಅಲ್ಲವ್ವ ಇದು. ಗಾಯ ಆದ್ರ ಮಾಯ್ತೈತಿ. ಇದ್ದದ್ದು ಬರಿ."

ತೆರಿಗೆ ಇಲಾಖೆಯ ಮೇಲಧಿಕಾರಿಗಳೊಬ್ಬರು ಸೊರಬದ ಪ್ರವಾಸಿ ಮಂದಿರದಲ್ಲಿ ಮೊಕ್ಕಾಂ ಮಾಡಿದ್ದರು. ವ್ಯಾಪಾರಿಗಳು ತುಂಬಿದ ಪಡಸಾಲೆಯಲ್ಲಿ ಗುಮಾಸ್ತರು ನಮ್ಮ ಅರ್ಜಿಯನ್ನು ಓದತೊಡಗಿ, ಎರಡನೆಯ ಸಾಲಿನಲ್ಲಿ ತಡವರಿಸಿ ಕೆಮ್ಮಿದರು.

"ಮುಟ್ಟಿನ ಬಟ್ಟೆ ಅಂತೈತ್ರಿ," ಎಂದರು ಗಿರಿಜಮ್ಮ, ಅಕ್ಕಿಯ ದರ ಹೇಳುವಷ್ಟು ಸಹಜವಾಗಿ. ಒಂದನ್ನು ಬಿಚ್ಚಿ ಮೇಜಿನ ಮೇಲೆ ಹರವಿದರು.

ಅಧಿಕಾರಿಗಳು ಮುಖ ತಗ್ಗಿಸಿಕೊಂಡೇ, "ತೆರಿಗೆ ತೆಗೆಯುವ ಅಧಿಕಾರ ನನಗಿಲ್ಲ ತಾಯಿ. ಮೇಲಕ್ಕೆ ಬರೆಯುತ್ತೇನೆ" ಎಂದರು.

"ಏನಂತ ಬರೀತೀರ್ರಿ?"

"ಸ್ತ್ರೀಯರ ಉಪಯೋಗದ ವಸ್ತು ಅಂತ."

"ಹಂಗ ಬರದ್ರ ಬಳಿ ಅಂತ ತಿಳ್ಕಂತಾರ್ರಿ. ಬಳಿ ಇಲ್ದ ಇರಬೌದು, ಇದಿಲ್ದ ಇರಾಕಾಗಲ್ಲ."

ಯಾರೋ ನಕ್ಕರು. ಅಧಿಕಾರಿಗಳು ನಗಲಿಲ್ಲ. ಆ ಬಟ್ಟೆಯನ್ನು ಕ್ಷಣಕಾಲ ನೋಡಿ, ಪೆನ್ನಿನ ಮುಚ್ಚಳ ತೆಗೆದು, "ಮುಟ್ಟಿನ ಬಟ್ಟೆ" ಎಂದು ಮೆಲ್ಲಗೆ ಉಚ್ಚರಿಸುತ್ತಲೇ ಬರೆದರು. ನಾನು ಕೇಳಿದ ಯಾವ ಭಾಷಣವೂ ಒಂದು ಸಭೆಯನ್ನು ಹೀಗೆ ಮಣಿಸಿದ್ದನ್ನು ಕಂಡಿಲ್ಲ.

ತೆರಿಗೆ ಮಾತ್ರ ಹೋಗಲಿಲ್ಲ. ಗಿರಿಜಮ್ಮನವರು ಹಳೆಯ ಬೆಲೆಗೇ ಮಾರಿ ತೆರಿಗೆಯನ್ನು ತಾವೇ ಕಟ್ಟಿದರು. ಪ್ರತಿ ವರ್ಷ ಅದೇ ಅರ್ಜಿಯನ್ನು, ಅದೇ ಪದವಿಟ್ಟು, ನನ್ನಿಂದ ಬರೆಸಿದರು.

ಕೊನೆಯ ಸಲ ಕಂಡಾಗ ಅವರು ಜ್ವರದಿಂದ ಸೋತು ಜಗಲಿಯಲ್ಲಿ ಒರಗಿದ್ದರು. ಆ ವರ್ಷದ ಅರ್ಜಿಗೂ ಉತ್ತರ ಬಂದಿರಲಿಲ್ಲ. "ಬರೀತಾ ಇರವ್ವ," ಎಂದು, ಒಗೆದಿಟ್ಟ ಮುಟ್ಟಿನ ಬಟ್ಟೆಗಳ ಬುಟ್ಟಿಯತ್ತ ಕೈ ತೋರಿಸಿದರು. ನಾನು ಅದನ್ನೆತ್ತಿಕೊಂಡು, ನಮ್ಮ ಮನೆಯ ಅಭ್ಯಾಸಬಲದಿಂದ, ಹಿತ್ತಲಿನ ಕಡೆ ಹೆಜ್ಜೆಯಿಟ್ಟೆ.

"ಆ ಕಡಿ ಯಾಕವ್ವ?" ಎಂದರು ಗಿರಿಜಮ್ಮ. "ಬಿಸ್ಲು ಮುಂದೈತಿ."