ಕಾಕುವಿನ ಅರ್ಧ ತಾಸು

ನಗು ಬಂದರೆ ಕಾಕು ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ತಂಬಾಕು ಹಸನು ಮಾಡಿ ಮಾಡಿ ಹಳದಿಗಟ್ಟಿದ ಬೆರಳುಗಳು. ಅವುಗಳ ಸಂದಿಯಿಂದ ನಗು ಸೋರಿ, ಕೆಮ್ಮಾಗಿ, ಕಣ್ಣೀರಾಗಿ ಮುಗಿಯುತ್ತಿತ್ತು.

ನಿಪ್ಪಾಣಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ; ಓಣಿಯವರಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ದಿನವಿಡೀ ಅವರಿಗೆ ವಖಾರಿಯಲ್ಲಿ, ಆ ದೊಡ್ಡ ಗೋದಾಮಿನಲ್ಲಿ, ತಂಬಾಕಿನ ಧೂಳು, ಕೆಲಸ ಮಾಡಿಸುವ ಮುಕಾದಮನ ಬೈಗುಳ. ಸಂಜೆ ಕೈಕಾಲು ತೊಳೆದು ಟೀವಿ ಮುಂದೆ ಕೂತರೆ ಅರ್ಧ ತಾಸು ಹಾಸ್ಯ ಧಾರಾವಾಹಿ. ಕನ್ನಡವೋ ಮರಾಠಿಯೋ, ನಗು ಬಂದರೆ ಸಾಕು. ನಾನಾಗ ಕೈಗಾಡಿಯಲ್ಲಿ ಸ್ಟೀಲ್ ಪಾತ್ರೆ ಮಾರುತ್ತಿದ್ದೆ. ಗಿರಾಕಿಗಳೊಡನೆ ಕಿತ್ತಾಡಿ ಬಂದು ಅವರ ಮನೆಯಲ್ಲಿ ಗೊಣಗಿದರೆ, “ಗಾಡಿ ಹೊರಗ ನಿಲ್ಲಿಸಿ ಬಂದಿ, ಜಗಳಾನೂ ಅಲ್ಲೇ ಬಿಟ್ಟು ಬಾರಲೇ” ಅನ್ನುತ್ತಿದ್ದರು.

ಒಂದು ಸಂಜೆ ಹೊಸ ಮುಕಾದಮ ಬಾಗಿಲಿಗೆ ಬಂದ. ಕೊಲ್ಹಾಪುರದ ಕಡೆಯ ಹುಡುಗ, ಕನ್ನಡ ಬಾರದು. ನಾಳೆಯಿಂದ ಕತ್ತಲಾಗುವ ತನಕ ಕೆಲಸ, ಒಲ್ಲೆನೆಂದರೆ ಬರುವುದೇ ಬೇಡ ಎಂದ, ಮರಾಠಿಯಲ್ಲಿ. ಕಾಕುವಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು, ಆದರೆ ನಗುವಾಗ ಬಾಯಿಗೆ ಬರುವುದು ಕನ್ನಡವೇ. ಟೀವಿಯಿಂದ ಕಣ್ಣು ತೆಗೆಯದೆ “ಕಾಯ್” ಅಂದರು. ತಡಿ ಅಂತ. ಮರಾಠಿಯಲ್ಲಿ ಅದು ‘ಏನು?’ ಪಾಪ, ಅವನು ಮೊದಲಿಂದ ಎಲ್ಲ ಹೇಳಿದ. “ಕಾಯ್, ಕಾಯ್!” ಅಂದರು. ಕಿವುಡರಿಗೆ ಹೇಳುವಂತೆ ಕೂಗಿ ಮತ್ತೆ ಹೇಳಿದ. ಕಾಕುವಿನ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೋಡಿದಳು. ನಾನು ಬಿಡಿಸಿ ಹೇಳಿದ ಮೇಲೆ ಅವನಿಗೂ ನಗು. ಕೂತ, ಚಹಾ ಕುಡಿದ, ಧಾರಾವಾಹಿ ಮುಗಿಯುವ ತನಕ ಎದ್ದೇಳಲಿಲ್ಲ.

ಆಮೇಲೆ ಕಾಕು ಮೆತ್ತಗೆ ಮಾತು ತೆಗೆದರು. ವಾರಕ್ಕೆರಡು ದಿನ ಕತ್ತಲಾಗುವ ತನಕ ನಿಲ್ಲುತ್ತೇನೆ, ಉಳಿದ ದಿನ ಈ ಅರ್ಧ ತಾಸು ನನ್ನದು, ಇದನ್ನು ಬಿಟ್ಟುಕೊಡುವವಳಲ್ಲ. ಅವನು ಒಪ್ಪಿದ. ಈಗಷ್ಟೇ ಜೊತೆಗೆ ಕೂತು ನಕ್ಕವನು ಇನ್ನೇನು ಮಾಡಿಯಾನು?

ಅವನು ಹೋದ ಮೇಲೆ ನನಗೆ ಹೇಳಿದರು: “ನಗಾಕ ಬಿಡದ ಕೆಲಸ ನಮ್ಮನ್ನ ತಿಂದ ಹಾಕತೈತಿ, ನೆಪ್ಪಿಟ್ಟುಕೋ.”

ಇಟ್ಟುಕೊಂಡೆ. ವ್ಯಾಪಾರಕ್ಕಿಳಿಯುವವರಿಗೆ ನನ್ನದೂ ಒಂದು ಮಾತು: ತಲೆ ಕಾದಾಗ ದರ ಒಪ್ಪಬೇಡಿ, ವ್ಯವಹಾರ ಮುರಿಯಲೂಬೇಡಿ. ಮೊದಲು ಮನೆಗೆ ಹೋಗಿ ಹೊಟ್ಟೆ ತುಂಬ ನಕ್ಕು ಬನ್ನಿ. ನಾನು ಕೈಗಾಡಿಯಿಂದ ಅಂಗಡಿಗೆ ಬಂದದ್ದು ಹೀಗೇ.

ಹೋದ ವರ್ಷ ಕಾಕು ತೀರಿಕೊಂಡರು. ಈಗ ವಖಾರಿಗೆ ಹೋಗುವವಳು ಸೊಸೆ. ದಿನಕರ್ಮ ಮುಗಿದು ಕೆಲಸಕ್ಕೆ ಹೋದ ಮೊದಲ ಸಂಜೆ ಬಂದವಳು ಟೀವಿ ಹಚ್ಚದೆ ಗೋಡೆಗೊರಗಿ ಕೂತಿದ್ದಳು.

“ಟೀವಿ ಹಚ್ಚವ್ವ” ಎಂದೆ.

“ಇಷ್ಟ ಲಗೂ ನಗಾಕತ್ತಾಳ ಅಂತ ಮಂದಿ ಅಂತಾರಲ್ರೀ ಅಣ್ಣಾ.”

“ಅನ್ನಲಿ.”

ಹಚ್ಚಿದಳು. ಧ್ವನಿಯನ್ನು ನಾನೇ ಜೋರು ಮಾಡಿದೆ, ಓಣಿಗೆಲ್ಲ ಕೇಳುವಂತೆ.