ಮಂಗಳವಾರದ ಗೆಲುವು

ಎಲ್ಮಿನಾ ಎಂಬ ಕಡಲೂರಿನ ಮೀನುಗಾರರು ಮಂಗಳವಾರ ಕಡಲಿಗೆ ಇಳಿಯುವುದಿಲ್ಲ. ಅದು ಕಡಲದೇವರ ದಿನ. ಕಡಲಿಗೇನೋ ಬಿಡುವು ಸಿಗುತ್ತಿತ್ತು, ದೋಣಿಯ ಮುಖಂಡ ಎಬೋನಿಗೆ ಮಾತ್ರ ಸಿಗುತ್ತಿರಲಿಲ್ಲ. ಬಲೆ ಹೊಲಿಯುವುದು, ಜಗಳಗಳ ಪಂಚಾಯಿತಿ, ಹೆಂಡತಿ ಎಫುವಾಳ ಮೀನು ಹೊಗೆಯಾಡಿಸುವ ಒಲೆಗೆ ಮಣ್ಣು ಮೆತ್ತುವುದು, ಹೀಗೆ ವಾರವಿಡೀ ಮುಂದೂಡಿದ್ದೆಲ್ಲ ಅಂದೇ ಬಂದು ಬಾಗಿಲಲ್ಲಿ ಕೂರುತ್ತಿತ್ತು. ಮಂಗಳವಾರ ಹುಟ್ಟಿದ ಗಂಡಿಗೆ ಎಬೋ ಎಂದು ಹೆಸರಿಡುವುದು ವಾಡಿಕೆ. ಹುಟ್ಟಿದ ದಿನವೇ ತನ್ನನ್ನು ದುಡಿಸಿ ಕೊಲ್ಲುತ್ತದೆಂದು ಅವನು ಗೊಣಗುತ್ತಿದ್ದ.

ಆದರೂ ಆ ದಿನದಲ್ಲಿ ಒಂದು ಗಂಟೆಯನ್ನು ಅವನು ಯಾರಿಗೂ ಬಿಟ್ಟುಕೊಟ್ಟವನಲ್ಲ. ಅದು ದೋಣಿಯ ಮೋಟಾರು ನೋಡಿಕೊಳ್ಳುವ ಗೆಳೆಯ ಕ್ವಾನ್ಸಾನ ಮನೆಯ ಹಳೇ ವಿಡಿಯೋ ಫುಟ್‌ಬಾಲಿಗೆ ಮೀಸಲು. ಇಬ್ಬರೂ ಮದುವೆಗೆ ಮುಂಚೆ ಕೂಡಿ ಕೊಂಡ ಆಟ. ಅದರೊಳಗಿನ ಆಟಗಾರರೆಲ್ಲ ಎಂದೋ ನಿವೃತ್ತರಾಗಿ ಹೊಟ್ಟೆ ಬಿಟ್ಟಿದ್ದರು, ಪರದೆಯ ಮೇಲೆ ಮಾತ್ರ ಇನ್ನೂ ಚಿಗರೆಗಳಂತೆ ಓಡುತ್ತಿದ್ದರು. ಹೊಟ್ಟೆ ಎಬೋನಿಗೂ ಬಂದಿತ್ತು. ಬಾರದೇ ಉಳಿದದ್ದು ಗೆಲುವು. ಕ್ವಾನ್ಸಾ ಒಮ್ಮೆಯೂ ಸೋತವನಲ್ಲ.

ಒಂದು ದಿನ ಕ್ವಾನ್ಸಾ ಹೇಳಿದ, “ಟ್ರಾಲರಲ್ಲಿ ಕೆಲ್ಸ ಸಿಕ್ತು ಮಾರಾಯ. ಮುಂದಿನ ಬುಧವಾರ ಹೊರಡ್ತೀನಿ.”

“ನಮ್ಮ ಮೀನೆಲ್ಲಾ ಬಾಚ್ಕೊಂಡು ಹೋಗೋ ಹಡಗು ಕಣೋ ಅದು!”

“ಗೊತ್ತು. ಮೀನು ಹೋದಲ್ಲಿಗೇ ನಾನೂ ಹೋಗ್ತಿದೀನಿ.”

“ಮಂಗಳವಾರ ರಜಾ ಕೊಡ್ತಾರಾ?”

“ಅವರಿಗೆ ಭಾನುವಾರವೇ ಗೊತ್ತಿಲ್ಲ.”

ಹಾಗಾದರೆ ಉಳಿದದ್ದು ಒಂದೇ ಮಂಗಳವಾರ. ಅಂದು ಗೆಲ್ಲದಿದ್ದರೆ ಈ ಜನ್ಮದಲ್ಲಿಲ್ಲ.

ಆ ದಿನ ಎಬೋ ಬೆಳಕು ಹರಿಯುವಾಗಲೇ ಬಲೆಗೆ ಕೂತ. ಎರಡು ತೂತಿಗೆ ಒಂದೇ ಗಂಟು ಹಾಕಿ ಮುಗಿಸಿದ. ಪಂಚಾಯಿತಿಯಲ್ಲಿ, ಯಾವನು ಕಡಿಮೆ ಮಾತಾಡಿದನೋ ಅವನ ಪರ ತೀರ್ಪು ಕೊಟ್ಟು ಎದ್ದ. ಒಲೆಗೆ ಮಣ್ಣು ಮೆತ್ತುವಾಗ ಎಫುವಾ ಮೂತಿ ತಿರುವಿದಳು. “ಗಡ್ಡ ನರೆತರೂ ಬೊಂಬೆಯಾಟ ಬಿಡ್ಲಿಲ್ಲ. ಅರ್ಧ ಒಲೆ ಹಂಗೇ ಇದೆ, ಟೀವಿಯೊಳಗಿನ ಗೋಲ್‌ಕೀಪರು ಬಂದು ಮೆತ್ತುತ್ತಾನಾ?”

“ಅವನಿಗೆ ಕೈ ಖಾಲಿ ಇಲ್ಲ ಕಣೇ,” ಎಂದವನೇ ಮಣ್ಣುಗೈಯಲ್ಲೇ ಓಡಿದ.

ಕ್ವಾನ್ಸಾನ ಬಾಗಿಲಲ್ಲಿ ಕಟ್ಟಿಟ್ಟ ಚೀಲವಿತ್ತು. ಇಬ್ಬರೂ ಆಟಕ್ಕೆ ಕೂತರು. ಎಬೋ ಒಂದು ಗೋಲು ಹೊಡೆದ. ಮತ್ತೊಂದು. ಮೂರನೆಯದಕ್ಕೆ ತಗಡಿನ ಮಾಡು ನಡುಗುವಂತೆ ಕೂಗಿ ಕುಣಿದ. ಕುಣಿಯುತ್ತ ಪಕ್ಕಕ್ಕೆ ನೋಡಿದರೆ, ಕ್ವಾನ್ಸಾನ ಹೆಬ್ಬೆರಳುಗಳು ಗುಂಡಿಗಳ ಮೇಲೆ ಸುಮ್ಮನೆ ಮಲಗಿದ್ದವು.

“ಏನೋ, ಬಿಟ್ಟುಕೊಟ್ಯಾ?”

“ಕೈ ಬೆವರಿತ್ತು.”

“ಇಷ್ಟು ವರ್ಷ ಬೆವರದ ಕೈ?”

“ಹೊರಡೋನು ಏನಾದ್ರೂ ಕೊಟ್ಟು ಹೋಗ್ಬೇಕಲ್ಲ. ಇಟ್ಕೋ.”

“ನಿನ್ನ ಭಿಕ್ಷೆ ಯಾರಿಗೆ ಬೇಕು? ಇನ್ನೊಂದಾಟ ಆಡು, ಸರಿಯಾಗಿ!”

ಕ್ವಾನ್ಸಾ ಆಗಲೇ ವೈರು ಸುತ್ತುತ್ತಿದ್ದ. “ಆಟದ ಪೆಟ್ಟಿಗೇನೂ ನೀನೇ ಒಯ್ಯಿ. ಅಲ್ಲಿ ನನಗೆ ಹೊತ್ತೆಲ್ಲಿ?”

ಮುಂದಿನ ಮಂಗಳವಾರ ಎಫುವಾಳೇ ಮೆತ್ತಗೆ ಹೇಳಿದಳು, “ಒಲೆ ನಾನು ನೋಡ್ಕೋತೀನಿ. ಹೋಗಿ ಒಂದು ಗಂಟೆ ಆಡ್ಕೊಳ್ಳಿ.”

“ಯಾರ ಜೊತೆ?” ಎಂದು ಎಬೋ ಬಲೆ ಎಳೆದುಕೊಂಡು ದಂಡೆಯಲ್ಲಿ ಕೂತ. ದೋಣಿಗಳೆಲ್ಲ ಮರಳಿನ ಮೇಲಿದ್ದವು. ದೂರದಲ್ಲಿ ಒಂದು ಟ್ರಾಲರು ಹೊಗೆ ಬಿಡುತ್ತ ಮೀನು ಎಳೆಯುತ್ತಿತ್ತು. ಕಳೆದ ವಾರ ಅವಸರದಲ್ಲಿ ಹಾಕಿದ ಗಂಟುಗಳನ್ನು ಅವನು ಒಂದೊಂದಾಗಿ ಬಿಚ್ಚತೊಡಗಿದ. ಈಗ ಅವಸರವಿರಲಿಲ್ಲ.